ಅತ್ತೆಯ ಜರ್ಮನ್ ಅಜ್ಜ

ನಾನು ಮೊದಲ ಸಲ ಕುವೈತಿಗೆ ಬಂದಿಳಿದ ದಿನ ಕಂಪನಿಯ ಡ್ರೈವರ್ ನಮ್ಮ ಅಡ್ಡಹೆಸರು ಬರೆದ ಬೋರ್ಡ್ ಹಿಡಿದು ನಿಂತಿದ್ದ. ಹತ್ತಿರ ಹೋಗಿ ನಿಂತರೆ ನನ್ನನ್ನು ಕೈಯಿಂದ ಬದಿಗೆ ಸರಿಸಿ, "ಭಾಯಿ, ಥೋಡಾ ಹಟೋ, ಜರ್ಮನ್ ಸಾಬ್ ಆನೇವಾಲಾ ಹೈ," ಅಂದ. ನಾನು ಪಾಸ್‌ಪೋರ್ಟ್ ತೆಗೆದು ತೋರಿಸಿದೆ. ಅದನ್ನೊಮ್ಮೆ, ನನ್ನ ಕಪ್ಪು ಮುಖವನ್ನೊಮ್ಮೆ ನೋಡಿದವನು ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಕಡೆ ನಡೆದ. ಪಾಪ, ಅವನದೇನು ತಪ್ಪು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಂಗಳೂರಿನ ಅರ್ಧ ನೆಂಟರು ಜಗಳಕ್ಕೆ ಬಂದಾರು.

ಮಂಗಫ್ ಬಡಾವಣೆಯಲ್ಲಿದ್ದ ಅತ್ತೆಯ ಮನೆಗೆ ಬಂದು ಈ ಸಂಗತಿ ಹೇಳಿದರೆ ಅತ್ತೆ ನಗಲಿಲ್ಲ. "ಮತ್ತೆಂತ? ನಮ್ಮದು ಜರ್ಮನ್ ಹೆಸರೇ ಅಲ್ವಾ," ಅಂದರು. ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಚಿಕ್ಕ ವಯಸ್ಸಿಗೇ ನರ್ಸ್ ಆಗಿ ಇಲ್ಲಿಗೆ ಬಂದು, ಆಮೇಲೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ದಡ ಸೇರಿಸಿದವರು. ಅವರ ಪ್ರಕಾರ ನಮ್ಮ ಮೂಲಪುರುಷ ಒಬ್ಬ ಜರ್ಮನ್ ಮಿಶನರಿ. ಹಂಚಿನ ಕಾರ್ಖಾನೆ ನಡೆಸಲು ಬಂದವನು ಊರಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ಮಣ್ಣಾದ. ಸಾಕ್ಷಿಗೆ ಅವರದೇ ಬೆಕ್ಕಿನ ಕಣ್ಣು ಇತ್ತು. ಅದು ಸಾಲದೆ ಬಂದಾಗ ನನ್ನ ಮೂಗನ್ನು ಕರೆಯುತ್ತಿದ್ದರು.

ಹುಡುಗನಾಗಿದ್ದಾಗ ನನಗೆ ಇದೊಂದು ತಮಾಷೆ. ಅದು ಅತ್ತೆಗೆ ಯಾಕೆ ಬೇಕಾಗಿತ್ತು ಎಂದು ತಿಳಿದದ್ದು ಬಹಳ ತಡವಾಗಿ. ನರ್ಸ್‌ಗಳ ಹಾಸ್ಟೆಲ್ಲಿನಲ್ಲಿ ಊರಿನ ಹುಡುಗಿಯರು ಊಟಕ್ಕೆ ಕೂತಾಗ ಮೆಲ್ಲಗೆ ಕೇಳುತ್ತಿದ್ದರಂತೆ: ನೀವು ಕ್ರಿಸ್ತನವರಾಗುವ ಮೊದಲು ಯಾವ ಜನ? ಅತ್ತೆ ತಟ್ಟೆಯಿಂದ ತಲೆ ಎತ್ತದೆ "ನಾವು ಜರ್ಮನ್ ಕಡೆಯವರು" ಅನ್ನುತ್ತಿದ್ದರು. ಅಲ್ಲಿಗೆ ಮಾತು ಖಲಾಸ್. ಇಡೀ ಆಯುಷ್ಯ ಅವರು ಆ ಒಂದು ಉತ್ತರದ ಹಿಂದೆ ನಿಂತು ಕಳೆದಿದ್ದರು.

ನಮ್ಮ ಮೇಲಿನ ಮನೆಯಲ್ಲಿ ಬಾಗಲಕೋಟೆ ಕಡೆಯ ಒಂದು ಸಂಸಾರ. ಗಂಡ ರಿಫೈನರಿಯಲ್ಲಿ ಟೆಕ್ನಿಶಿಯನ್. ಹೆಂಡತಿ ಪ್ರತಿ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ನೆಲದಲ್ಲಿ ಕೂತು ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿಯುತ್ತಿದ್ದರು. ತಟ ತಟ ತಟ. ಸದ್ದು ಸರಿಯಾಗಿ ನಮ್ಮ ಅತ್ತೆಯ ಹಾಸಿಗೆಯ ಮೇಲೆ ಬೀಳುತ್ತಿತ್ತು. ಅತ್ತೆ ನೆಲ ಒರೆಸುವ ಕೋಲಿನಿಂದ ಸೂರಿಗೆ ಕುಟ್ಟಿ, "ಈ ಘಟ್ಟದ ಮೇಲಿನವರಿಗೆ ಒಂದು ದಿನವೂ ಸುಮ್ಮನೆ ಕೂತುಕೊಳ್ಳಲಿಕ್ಕೆ ಗೊತ್ತಿಲ್ಲ," ಅನ್ನುತ್ತಿದ್ದರು. ಮೇಲೆ ಸ್ವಲ್ಪ ಹೊತ್ತು ನಿಶ್ಶಬ್ದ, ಮತ್ತೆ ಮೆಲ್ಲಗೆ ತಟ ತಟ. ನನಗೆ ಮಾತ್ರ ಆ ಸದ್ದು ಇಷ್ಟ. ಮರುಭೂಮಿಯಲ್ಲೂ ಯಾರದೋ ಮನೆಯಲ್ಲಿ ಒಲೆ ಹತ್ತಿದೆ ಅನಿಸುತ್ತಿತ್ತು.

ಕೊನೆಗೆ ಅತ್ತೆ ಊರಿಗೆ ಹೊರಡುವ ಕಾಲ ಬಂತು. ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯುತ್ತಿತ್ತು; ಮುಂದುವರಿಸುವುದು ಬೇಡ ಎಂದು ಅವರೇ ಹೇಳಿದ್ದರು. ಒಂದೇ ಒಂದು ಆಸೆ ಉಳಿದಿತ್ತು. "ಆ ಜರ್ಮನ್ ಅಜ್ಜನ ಒಂದು ಕಾಗದ ಸಿಕ್ಕಿದರೆ ಸಾಕು ಮಾರಾಯ. ಊರಿನ ಗೋಡೆಯಲ್ಲಿ ಹಾಕಬೇಕು. ಇನ್ನು ಯಾರೂ ಬಾಯಿ ತೆರೆಯುವ ಹಾಗಿರಬಾರದು."

ನದೀಮೂಲ, ಋಷಿಮೂಲ ಕೇಳಬಾರದು ಅಂತಾರೆ. ನಾವು ನರ್ಸ್‌ಮೂಲ ಹುಡುಕಲು ಹೊರಟೆವು.

ಮಿರ್ಕಾಬ್‌ನ ನನ್ನ ಆಫೀಸಿನಲ್ಲಿ ಕೊಲಂಬೊದ ಹಿರಿಯರೊಬ್ಬರಿದ್ದರು. ಡಚ್ಚರು ಸಿಲೋನನ್ನು ಆಳಿದ ಕಾಲದಲ್ಲಿ ಅಲ್ಲಿಯೇ ಮದುವೆಯಾಗಿ ಉಳಿದ ಸಿಪಾಯಿಯೊಬ್ಬನ ವಂಶ ಅವರದು. ಅವರ ಅಡ್ಡಹೆಸರು ನಮ್ಮದಕ್ಕಿಂತ ಉದ್ದ, ಬಣ್ಣ ನನಗಿಂತ ಕಪ್ಪು. ಮೇಜಿನ ಖಾನೆಯಲ್ಲಿ ಸುರುಳಿ ಸುತ್ತಿದ ವಂಶವೃಕ್ಷ ಇಟ್ಟುಕೊಂಡು, ಚಹಾದ ಹೊತ್ತಿಗೆ ಬಿಚ್ಚಿ ತೋರಿಸುತ್ತಿದ್ದರು. ನಮ್ಮ ಹುಡುಕಾಟದ ಸಂಗತಿ ಕೇಳಿ ಅವರಿಗೆ ಹಬ್ಬವಾಯಿತು. ಆದರೆ ಮಂಗಳೂರಿಗೆ ಬಂದ ಮಿಶನರಿಗಳ ಪಟ್ಟಿಯನ್ನೆಲ್ಲ ತಡಕಿದರೂ ನಮ್ಮ ಹೆಸರಿನ ಗಂಡಸು ಒಬ್ಬನೂ ಸಿಗಲಿಲ್ಲ.

"ಗಂಡಸನ್ನೇ ಯಾಕೆ ಹುಡುಕುತ್ತೀಯ?" ಎಂದು ಅವರು ಒಂದು ದಿನ ಇಂಗ್ಲಿಷಿನಲ್ಲಿ ಕೇಳಿದರು. "ಮಿಶನಿಗೆ ಹೆಣ್ಣುಮಕ್ಕಳ ಅನಾಥಾಲಯ ಇತ್ತಲ್ಲ. ಅದರ ಪುಸ್ತಕ ಕೇಳು."

ಆ ಮಿಶನಿನ ಹಳೆಯ ಕಾಗದಪತ್ರಗಳನ್ನು ಇಟ್ಟಿರುವ ಸಂಗ್ರಹಕ್ಕೆ ಬರೆದೆವು. ತಿಂಗಳೊಳಗೆ ಉತ್ತರ ಬಂತು. ಅನಾಥಾಲಯದ ಪುಸ್ತಕದ ಒಂದು ಪುಟದ ನಕಲು, ಜೊತೆಗೆ ಇಂಗ್ಲಿಷ್ ಅನುವಾದ. ಹೆಣ್ಣು ಮಗು, ಸುಮಾರು ನಾಲ್ಕು ವರ್ಷ. ಬರಗಾಲದಲ್ಲಿ ಧಾರವಾಡದ ಆಚೆಯಿಂದ ನಡೆದು ಬಂದವರ ಜೊತೆ ಸಿಕ್ಕಿದ್ದು. ತಾಯಿ ದಾರಿಯಲ್ಲಿ ಸತ್ತಳು. ಊರು, ಜಾತಿ ತಿಳಿಯದು. ಅನಾಥಾಲಯಕ್ಕೆ ಪೆಟ್ಟಿಗೆ ತುಂಬ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ ಒಬ್ಬ ಜರ್ಮನ್ ಹೆಂಗಸಿನ ಅಡ್ಡಹೆಸರನ್ನು ಮಗುವಿಗೆ ಇಡಲಾಗಿದೆ. ಮಂಗಳೂರಿನ ಸೆಕೆಗೆ ಉಣ್ಣೆಯ ಕಾಲುಚೀಲ! ಅಂಚಿನಲ್ಲಿ ಆಮೇಲೆ ಸೇರಿಸಿದ ಟಿಪ್ಪಣಿಯಂತೆ, ಆ ಮಗು ಬೆಳೆದು ಹಂಚಿನ ಕಾರ್ಖಾನೆಯ ಇನ್ನೊಬ್ಬ ಅನಾಥನನ್ನು ಮದುವೆಯಾಯಿತು. ಅವನಿಗೆ ಅಡ್ಡಹೆಸರೇ ಇರಲಿಲ್ಲವಾದ್ದರಿಂದ ಇವಳದ್ದೇ ಮನೆತನಕ್ಕೆ ಬಂತು. ಜರ್ಮನ್ ಅಜ್ಜ ಎಲ್ಲಿಯೂ ಇರಲಿಲ್ಲ.

ಪುಟದ ಕೊನೆಗೆ ಇನ್ನೊಂದು ಸಾಲಿತ್ತು: ಅನ್ನ ಕೊಟ್ಟರೆ ತಿನ್ನುವುದಿಲ್ಲ, ರೊಟ್ಟಿ ಬೇಕೆಂದು ಅಳುತ್ತದೆ.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಹೇಳಿದರೆ ಅತ್ತೆಯ ಕೈಯಲ್ಲಿದ್ದ ಒಂದೇ ಉತ್ತರ ಹೋಗುತ್ತದೆ. ಸುಳ್ಳು ಹೇಳಿದರೆ ಅವರು ಅದನ್ನು ಕಟ್ಟು ಹಾಕಿಸಿ ಗೋಡೆಗೆ ಏರಿಸುತ್ತಾರೆ. ಒಂದು ವಾರ ಕಾಗದವನ್ನು ಆಫೀಸಿನಲ್ಲೇ ಇಟ್ಟೆ. ಹೇಡಿತನ ಎಂದೇ ಹೇಳಬೇಕು. ಕೊನೆಗೆ ಒಂದು ಗುರುವಾರ ಸಂಜೆ ಮನೆಗೆ ತಂದು, ಅತ್ತೆಯ ಮುಂದೆ ಕೂತು, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ.

ಅತ್ತೆ ಅಳಲಿಲ್ಲ, ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅದನ್ನು ಮತ್ತೆ ಏರಿಸಿಕೊಂಡು, "ನಾಲ್ಕೇ ವರ್ಷವಾ?" ಎಂದು ಕೇಳಿದರು.

"ಹೌದು ಅತ್ತೆ."

"ಆಮೇಲೆ ಅದಕ್ಕೆ ರೊಟ್ಟಿ ಕೊಟ್ಟರಂತಾ?"

"ಅದು ಬರೆದಿಲ್ಲ."

ಅತ್ತೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾಕಾದರೂ ಹೇಳಿದೆನೋ ಎಂದು ನನ್ನನ್ನೇ ಶಪಿಸಿಕೊಂಡೆ.

ಮರುದಿನ ಶುಕ್ರವಾರ. ಬೆಳಿಗ್ಗೆ ಎಂದಿನಂತೆ ಮೇಲೆ ತಟ ತಟ ಶುರುವಾಯಿತು. ಕೋಲಿನ ಸದ್ದಿಗಾಗಿ ಕಾದೆ, ಬರಲಿಲ್ಲ. ಅತ್ತೆ ಚರ್ಚಿಗೆ ಉಡುವ ಸೀರೆ ಉಟ್ಟು ಹೊರಗೆ ಬಂದರು. "ಮೇಲೆ ಹೋಗಿ ಬರುವ, ಬಾ," ಅಂದರು. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದೂ ಆ ಮೆಟ್ಟಿಲು ಹತ್ತಿದವರಲ್ಲ.

ಬಾಗಿಲು ತೆರೆದ ಮೇಲಿನ ಮನೆಯಾಕೆಯ ಕೈಯೆಲ್ಲ ಹಿಟ್ಟು. ಅತ್ತೆಯನ್ನು ನೋಡಿ ಆಕೆಯ ಮುಖ ಸಣ್ಣದಾಯಿತು. "ಸಪ್ಪಳ ಭಾಳ ಆತೇನ್ರಿ ಅಮ್ಮಾರ? ತಪ್ಪಾತ್ರಿ, ಇನ್ನೆರಡ ಉಳದಾವ, ಮುಗಿಸಿಬಿಡ್ತೀನ್ರಿ."

"ಇಲ್ಲ ಮಗಾ," ಅಂದರು ಅತ್ತೆ. "ನನಗೊಂದು ರೊಟ್ಟಿ ಬೇಕಿತ್ತು."

ಆಕೆ ಒಳಗೆ ಕರೆದು, ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇಟ್ಟು ಕೊಟ್ಟರು. ಅತ್ತೆ ಕುರ್ಚಿ ಬೇಡವೆಂದು, ಮಂಡಿನೋವನ್ನೂ ಮರೆತು, ಅಡುಗೆಮನೆಯ ನೆಲದಲ್ಲೇ ಕೂತರು. ಚಟ್ನಿ ಮುಟ್ಟದೆ ಬರೀ ರೊಟ್ಟಿಯನ್ನೇ ಮುರಿದು ಮುರಿದು ನಿಧಾನವಾಗಿ ತಿಂದರು. ಎದುರಿಗೆ ಕೂತ ಆಕೆಗೆ ಹಳೆಯ ಹೆದರಿಕೆ ಹೋಗಿ, ಮಾತಾಡಿಸುವ ಆಸೆಯಾಯಿತು.

"ಅಮ್ಮಾರ, ನಿಮ್ಮದು ಮೂಲ ಯಾವ ಊರ್ರಿ?"

ನಾನು ಅತ್ತೆಯ ಮುಖ ನೋಡಿದೆ. ಅವರು ಬಾಯಲ್ಲಿದ್ದ ತುತ್ತು ನುಂಗಿ, ಈ ಸಲ ತಟ್ಟೆಯಿಂದ ತಲೆ ಎತ್ತಿದರು.

"ಊರು ಗೊತ್ತಿಲ್ಲ ಮಗಾ. ನಿಮ್ಮ ಕಡೆಯೇ. ನಮ್ಮ ಅಜ್ಜಿಯೊಬ್ಬಳು ಚಿಕ್ಕ ಮಗು ಇರುವಾಗ ರೊಟ್ಟಿ ಬೇಕು ಅಂತ ಅತ್ತಿದ್ದಳು. ಅವಳಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ನಾನು ಬಂದೆ."

ಆಕೆ ಒಲೆಯ ಕಡೆ ತಿರುಗಿದರು. ಹಂಚಿನ ಮೇಲಿದ್ದ ರೊಟ್ಟಿ ತೆಗೆದು ಅತ್ತೆಯ ತಟ್ಟೆಗೆ ಹಾಕಿದರು.