ಮಹಡಿಯ ಮನೆ ಖಾಲಿಯಿತ್ತು

ಅಡುಗೆಕೋಣೆಯ ಕಿಟಕಿಯ ಚಿಲಕ ಪೂರ್ತಿ ಕೂಡುತ್ತಿರಲಿಲ್ಲ. ಎಷ್ಟು ಒತ್ತಿದರೂ ಎರಡು ಪಡಿಗಳ ನಡುವೆ ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಮಧ್ಯಾಹ್ನದ ಬಿಸಿಲು ಆ ಸಂದಿನಿಂದ ಒಳಗೆ ಬಂದು ನೆಲದ ಮೇಲೆ ಒಂದು ಗೆರೆಯಾಗಿ ಮಲಗುತ್ತಿತ್ತು. ಮೆಲ್ಲಗೆ ಸರಿಯುತ್ತ ಸರಿಯುತ್ತ, ಸಂಜೆಯ ಹೊತ್ತಿಗೆ ಗೋಡೆ ಹತ್ತಿ ಮಾಯವಾಗುತ್ತಿತ್ತು. ಆ ಗೆರೆಗಾಗಿ ನಾನೊಂದು ಸುಳ್ಳು ಹೇಳಿದೆ. ಒಬ್ಬ ಹೆಂಗಸಿಗೆ ಸಿಗಬೇಕಾಗಿದ್ದ ಮನೆಯನ್ನು ತಪ್ಪಿಸಿದೆ — ತಪ್ಪಿಸಿದ ಅಪವಾದವನ್ನು ಅಪ್ಪನ ತಲೆಗೆ ಕಟ್ಟಿದೆ.

ಆಗ ನಾನು ಮಂಗಳೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸುವುದರಲ್ಲಿದ್ದೆ. ಪ್ರಬಂಧ ಬರೆಯಲೆಂದು ಪುತ್ತೂರಿನ ಮನೆಗೆ ಬಂದಿದ್ದೆ. ಅಪ್ಪನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಂಗಡಿಯ ಉಳಿತಾಯದಿಂದ ಮನೆಯ ಮೇಲೊಂದು ಮಹಡಿ ಎತ್ತಿಸಿ, ಬಾಡಿಗೆಗೆ ಕೊಡಬೇಕೆಂದು ಕಾಯುತ್ತಿದ್ದರು. ಕೆಳಗೆ ಅಜ್ಜಿಯ ಟಿವಿ, ಚಿಕ್ಕಮ್ಮನ ಮಕ್ಕಳ ಗಲಾಟೆ, ಬಂದುಹೋಗುವ ನೆಂಟರು. ನನ್ನ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆಯಿತ್ತು. ಹಾಗಾಗಿ ದಿನವೂ ಊಟವಾದ ಮೇಲೆ ಬೀಗದಕೈ ಹಿಡಿದು ಮೇಲೆ ಹೋಗುತ್ತಿದ್ದೆ.

ಆ ಖಾಲಿ ಮನೆ — ಅದನ್ನು ಹೇಗೆ ಹೇಳಲಿ? ಹೊಸ ಸುಣ್ಣದ ವಾಸನೆ. ತಣ್ಣನೆಯ ನೆಲ. ನನ್ನದೇ ಹೆಜ್ಜೆಯ ಸದ್ದು ಪಕ್ಕದ ಕೋಣೆಯಿಂದ ಬೇರೆ ಯಾರದೋ ಹೆಜ್ಜೆಯಂತೆ ಕೇಳುತ್ತಿತ್ತು. ಬಸ್ಸುಗಳ ಹಾರ್ನ್ ನೀರಿನೊಳಗಿಂದ ಬಂದ ಹಾಗೆ ದೂರವಾಗಿ ಬರುತ್ತಿತ್ತು. ನಾನು ಅಂಗಾತ ಮಲಗಿ ಬೆಳಕಿನ ಗೆರೆಯನ್ನು ನೋಡುತ್ತಿದ್ದೆ. ಇಲ್ಲೊಂದು ಮೇಜು, ಅಲ್ಲೊಂದು ಕುರ್ಚಿ ಎಂದು ಮನಸ್ಸಿನಲ್ಲೇ ಇಡುತ್ತಿದ್ದೆ. ಅಲ್ಲೊಬ್ಬಳು ಒಂಟಿಯಾಗಿ ಬದುಕುತ್ತಿದ್ದಳು — ಆಗಿನ ನಾನಲ್ಲ, ಮುಂದೆಂದೋ ಆಗಲಿರುವ ನಾನು. ಅವಳನ್ನು ಯಾರೂ ಕೆಳಗಿನಿಂದ ಕರೆಯುತ್ತಿರಲಿಲ್ಲ.

ಪಕ್ಕದಲ್ಲಿ ಹರಡಿರುತ್ತಿದ್ದ ನನ್ನ ಪ್ರಬಂಧದ ವಿಷಯವೇನು ಗೊತ್ತೇ? ದೇಶದ ವಸತಿ ನೀತಿಯಲ್ಲಿ ಬಾಡಿಗೆ ಮನೆಗಳ ಸ್ಥಾನ. ನೀತಿಯ ಮಾತೆಲ್ಲ ಸ್ವಂತ ಸೂರಿನ ಸುತ್ತಲೇ ಸುತ್ತುತ್ತದೆ, ಬಾಡಿಗೆಯವರು ಅದರ ಅಂಚಿನಲ್ಲಿ ನಿಂತಿರುತ್ತಾರೆ. ಖಾಲಿ ಮನೆಯೂ ಮನೆ ಹುಡುಕುವವರೂ ಒಂದೇ ಬೀದಿಯಲ್ಲಿದ್ದು ಒಬ್ಬರಿಗೊಬ್ಬರು ಸಿಗುವುದಿಲ್ಲ — ಇದನ್ನೆಲ್ಲ ನಾನು ಆ ಖಾಲಿ ಮನೆಯ ನೆಲದ ಮೇಲೆ ಬೋರಲು ಮಲಗಿ ಬರೆದೆ. ಬರೆಯುವಾಗ ಒಮ್ಮೆಯೂ ತಲೆಯೆತ್ತಿ ಸುತ್ತ ನೋಡಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಡುತ್ತ ಹೇಳಿದರು: “ಮಧ್ಯಾಹ್ನ ಒಬ್ಬರು ಮನೆ ನೋಡ್ಲಿಕ್ಕೆ ಬರ್ತಾರೆ. ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ವಾರಿಜ ಅಂತ. ಒಳ್ಳೆ ಜನ. ಹಿಡಿಸಿದ್ರೆ ಕೊಡುವ, ನೀನೇ ಹೇಳಿಬಿಡು.”

ಅಷ್ಟೇ. ಯಾವ ಜನ, ಏನು ತಿನ್ನುತ್ತಾರೆ — ಅಪ್ಪ ಏನೂ ಕೇಳಿರಲಿಲ್ಲ.

ವಾರಿಜಕ್ಕ ಬಂದರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು, ತೆಗೆಯಲು ಮರೆತಿದ್ದರು. ಗಂಡ ತೀರಿಕೊಂಡಿದ್ದರು, ಹೈಸ್ಕೂಲಿಗಿನ್ನೂ ಬಾರದ ಒಬ್ಬಳು ಮಗಳು. ಕಡಬದ ಆಚೆಯ ಊರಿನಿಂದ ದಿನವೂ ಪುತ್ತೂರಿಗೆ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು.

“ಇಲ್ಲಿಂದ ಅಂಗಡಿಗೆ ನಡ್ಕೊಂಡೇ ಹೋಗ್ಬಹುದು!” ಎಂದು ಕೋಣೆಯಿಂದ ಕೋಣೆಗೆ ಓಡಾಡಿದರು. “ಮದುವೆ ಸೀಸನಲ್ಲಿ ನಾನು ಕಡೇ ಬಸ್ಸು ಅಂತ ಎದ್ದು ಹೋಗುವಾಗ ಅರ್ಧ ರವಿಕೆ ಮಿಷನಿನಲ್ಲೇ ಬಾಕಿ. ಮದುಮಗಳು ಅರ್ಧ ರವಿಕೆ ಹಾಕುದಾ? ಧಣಿಗಳು ಹೇಳಿದ್ದಾರೆ, ಪೇಟೆಯಲ್ಲಿ ಮನೆ ಮಾಡಿದ್ರೆ ಇರು, ಇಲ್ಲದಿದ್ರೆ ಬೇರೆಯವರನ್ನು ನೋಡ್ತೇನೆ ಅಂತ.”

ಆಮೇಲೆ ಅಡುಗೆಕೋಣೆಗೆ ಬಂದರು. ಕಿಟಕಿಯ ಬಳಿ ನಿಂತು ಚಿಲಕವನ್ನು ಅಲುಗಾಡಿಸಿದರು. “ಇದಕ್ಕೆ ಸ್ವಲ್ಪ ಎಣ್ಣೆ ಬಿಟ್ಟರೆ ಸಾಕು. ಬಂದ ದಿನವೇ ಸರಿ ಮಾಡ್ತೇನೆ ನಾನು” ಎಂದು ಎರಡೂ ಪಡಿಗಳನ್ನು ಅಂಗೈಯಿಂದ ಒತ್ತಿ ಹಿಡಿದರು.

ನೆಲದ ಮೇಲಿನ ಗೆರೆ ಆರಿತು.

ಆ ಕ್ಷಣವನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಕೋಪವಿರಲಿಲ್ಲ. ಅವರ ಬಗ್ಗೆ ತಿರಸ್ಕಾರವೂ ಇರಲಿಲ್ಲ. ಇದ್ದದ್ದು — ಯಾರೋ ನನ್ನ ನಿದ್ದೆಯೊಳಗೆ ಕೈಹಾಕಿದ ಹಾಗೆ ಒಂದು ದಿಗಿಲು. ನಾನು ಹೇಳಿದೆ: “ಒಂದು ವಿಷಯ... ಮೀನು ಮಾಡುವವರಿಗೆ ಅಪ್ಪ ಮನೆ ಕೊಡುದಿಲ್ಲ.”

ಬೇರೆ ಯಾವ ಸುಳ್ಳು ಹೇಳಿದ್ದರೂ ಅವರು ಪ್ರಶ್ನೆ ಕೇಳುತ್ತಿದ್ದರು. ಇದಕ್ಕೆ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಬಾಡಿಗೆ ಮನೆ ಹುಡುಕುವವರಿಗೆ ಬಾಡಿಗೆಯ ಮಾತಿಗಿಂತ ಮೊದಲು ಕಿವಿಗೆ ಬೀಳುವ ಮಾತು ಅದು. ನಮ್ಮದು ಮೀನು ತರದ ಮನೆಯೆಂಬುದೂ ಎಲ್ಲರಿಗೆ ಗೊತ್ತು. ನಾನೇನೂ ಕಟ್ಟಬೇಕಾಗಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ಅಂಗಿಯಂತೆ ಆ ಮಾತು ಅಲ್ಲಿತ್ತು. ತೆಗೆದು ಅಪ್ಪನಿಗೆ ತೊಡಿಸಿದೆ.

ವಾರಿಜಕ್ಕ ಕಿಟಕಿಯಿಂದ ಕೈ ತೆಗೆದರು. ನಕ್ಕರು. “ಬಂಗುಡೆ ಬಿಟ್ಟರೆ ಮನೆ ಸಿಕ್ತದಾ ಮಾರಾಯ್ರೆ?”

ನಾನು ನಗಲಿಲ್ಲ. ಅವರ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೆಯೇ ನಿಂತಿತು, ಹೋಗಲು ದಾರಿ ತಿಳಿಯದ ಹಾಗೆ. “ಅಡ್ಡಿಯಿಲ್ಲ. ನಿಮ್ಮಪ್ಪ ಅಂಗಡಿಯಲ್ಲೇ ಹೇಳಿದ್ರೆ ಈ ಬಿಸಿಲಿಗೆ ಮೆಟ್ಲು ಹತ್ತುದು ತಪ್ತಿತ್ತು” ಎಂದು ಇಳಿದು ಹೋದರು. ಗೆರೆ ಮತ್ತೆ ನೆಲಕ್ಕೆ ಬಂದಿತ್ತು. ನಾನು ಅದರ ಪಕ್ಕ ಮಲಗಿದೆ — ನಾಚಿಕೆಯಿಲ್ಲದೆ, ಹಾಯಾಗಿ.

ಅಪ್ಪನಿಗೆ ಹೇಳಿದ್ದು ಇನ್ನೊಂದು: ಅವರಿಗೆ ಮನೆ ಹಿಡಿಸಲಿಲ್ಲವಂತೆ.

ಕೆಲವು ವಾರಗಳ ನಂತರ ಅಪ್ಪ ಪೇಟೆಯಿಂದ ಬಂದು ಚಪ್ಪಲಿ ಬಿಡುತ್ತ ಹೇಳಿದರು: “ಬಸ್‌ಸ್ಟ್ಯಾಂಡಿನಲ್ಲಿ ಆ ಹೊಲಿಗೆಯವರು ಸಿಕ್ಕಿದ್ರು. ನಾನು ನಗಾಡಿದೆ, ಅವರು ಆಚೆ ಮುಖ ಮಾಡಿದ್ರು. ಮನೆ ಹಿಡಿಸದಿದ್ರೆ ಅದು ನನ್ನ ತಪ್ಪಾ?” ಚಿಕ್ಕಮ್ಮ ನಕ್ಕಳು. ನಾನೂ ನಕ್ಕೆ.

ಮಳೆಗಾಲ ಮುಗಿಯುವವರೆಗೂ ಮನೆ ಖಾಲಿಯೇ ಇತ್ತು. ಪ್ರಬಂಧ ಮುಗಿಯಿತು, ಚೆನ್ನಾಗಿದೆ ಎಂದರು. ಆಮೇಲೆ ಬಂದ ಬಾಡಿಗೆಯವರು ವಾರಕ್ಕೆರಡು ಸಲ ಮೀನು ತರುತ್ತಾರೆ. ವಾಸನೆ ಕೆಳಗಿಳಿದರೆ ಅಪ್ಪ “ಮೇಲೆ ಇವತ್ತು ಎಂತದೋ ವಿಶೇಷ ಉಂಟು” ಎಂದು ಪೇಪರಿನ ಪುಟ ತಿರುವುತ್ತಾರೆ. ಹಾಗೆಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಈಗ ಸುಳ್ಯದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೊನ್ನೆ ಶನಿವಾರ ವಸತಿ ನೀತಿಯ ಪಾಠವಿತ್ತು. ಪಟ್ಟಣಗಳಲ್ಲಿ ಬಾಡಿಗೆ ಮನೆಗಳು ಖಾಲಿ ಉಳಿಯಲು ಕಾರಣಗಳೇನಿರಬಹುದು ಎಂದು ಕೇಳಿದೆ. ಹಿಂದಿನ ಬೆಂಚಿನ ದೀಕ್ಷಾ ಎದ್ದಳು. ಹಾಸ್ಟೆಲಿನಲ್ಲಿರುವ, ಮಾತು ಕಡಿಮೆಯ ಹುಡುಗಿ.

“ಮೀನು, ಮೇಡಂ.”

ಕ್ಲಾಸು ಗೊಳ್ಳೆಂದಿತು. ಅವಳೂ ನಕ್ಕಳು. “ಸತ್ಯ ಮೇಡಂ. ಪುತ್ತೂರಲ್ಲಿ ಅಮ್ಮ ಒಂದು ಮನೆ ಕೇಳಿದ್ರು. ಮೀನು ಮಾಡುವವರಿಗೆ ಇಲ್ಲ ಅಂದ್ರಂತೆ. ಬಂಗುಡೆ ಬಿಟ್ಟರೆ ಮನೆ ಸಿಕ್ತದಾ ಅಂತ ಅಮ್ಮ ಕೇಳಿದ್ರಂತೆ.”

ನನ್ನ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೆಯೇ ನಿಂತಿತು. ವಾರಿಜಕ್ಕ ಆ ಮಾತು ಹೇಳಿದಾಗ ಎದುರಿಗಿದ್ದವಳು ನಾನೊಬ್ಬಳೇ.

“ಆಮೇಲೆ?” ಎಂದೆ.

“ಪುತ್ತೂರಿನ ಕೆಲಸ ಹೋಯ್ತು. ಮತ್ತೆ ಊರಿನ ಜಾಗದಲ್ಲೇ ಸರಕಾರದ ಮನೆ ಸಿಕ್ಕಿತು ಮೇಡಂ. ಸ್ವಂತದ್ದು. ಆದ್ರೆ ಮನೆ ಇರುವಲ್ಲಿ ಕೆಲಸ ಇಲ್ಲ. ಮಿಷನ್ ಉಂಟು, ಹೊಲಿಸ್ಲಿಕ್ಕೆ ಬರುವವರು ಕಡಿಮೆ.” ಗೆಳತಿಯರನ್ನು ನಗಿಸಲೆಂದೇ ಸೇರಿಸಿದಳು: “ತಮಾಷೆ ಎಂತದು ಗೊತ್ತುಂಟಾ? ಆದಿತ್ಯವಾರ ಮೀನು ಕಾಯಿಸುವಾಗ ಅಮ್ಮ ಈಗಲೂ ಕಿಟಕಿ ಎಲ್ಲ ಹಾಕ್ತಾರೆ. ಸುತ್ತ ಒಂದು ಮನೆ ಸಹ ಇಲ್ಲ!”

ಎಲ್ಲರೂ ನಕ್ಕರು. ಘಂಟೆಯಾಯಿತು. ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ ಊರು ಯಾವುದೆಂದು ಕೇಳಿಕೊಂಡೆ. ಈ ವಾರ ಎನ್ನೆಸ್ಸೆಸ್ ಶಿಬಿರ ಇರುವುದರಿಂದ ಮನೆಗೆ ಹೋಗುವುದಿಲ್ಲವೆಂದಳು.

ಸಂಜೆ ಪುತ್ತೂರಿನ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಆ ಬೆಳಕಿನ ಗೆರೆ ಕಾಣುತ್ತಿತ್ತು. ಆದರೆ ಅದರ ಸುತ್ತ ಇದ್ದದ್ದು ನಮ್ಮ ಮಹಡಿಯಲ್ಲ. ಗುಡ್ಡದ ಬದಿಯ ಒಂದು ಪುಟ್ಟ ಮನೆ, ಒಂದೊಂದಾಗಿ ಮುಚ್ಚುತ್ತಿರುವ ಕಿಟಕಿಗಳು. ಮುಚ್ಚುತ್ತಿದ್ದ ಕೈ ಯಾರದು — ಅದು ಮಾತ್ರ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಅಪ್ಪನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದರು. “ಹಾಗಾದ್ರೆ ಅವರು ಮುಖ ತಿರುಗಿಸಿದ್ದು...” ಎಂದು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, “ನನ್ನದು ಹೋಗ್ಲಿ. ಅವರ ಹತ್ರ ಹೇಳಿದ್ದೀಯಾ?”

“ಇಲ್ಲ.”

“ಮತ್ತೆ ಇಲ್ಲಿ ಎಂತ ಕೂತದ್ದು? ಬಸ್ಸುಂಟು.”

ಸವಣೂರು ದಾಟಿ, ಕಡಬದಲ್ಲಿಳಿದು, ಇನ್ನೊಂದು ಬಸ್ಸು ಹತ್ತಿ ಹೋದೆ. ರಸ್ತೆಯಿಂದ ಸ್ವಲ್ಪ ಮೇಲೆ ಹಸಿರು ಬಣ್ಣದ ಮನೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲು ತಟ್ಟಿದೆ. ವಾರಿಜಕ್ಕ ತೆರೆದರು, ಕೂದಲು ನೆರೆತಿತ್ತು. ಮೊದಲು ಅವರಿಗೆ ನನ್ನ ಗುರುತು ಸಿಗಲಿಲ್ಲ. ಸಿಕ್ಕ ಕೂಡಲೇ ಅವರ ಕೈ ಬಾಗಿಲನ್ನು ಅರ್ಧ ಹಿಂದಕ್ಕೆಳೆಯಿತು. “ಒಳಗೆ ವಾಸನೆ ಉಂಟು. ನಿಮಗಾಗ್ಲಿಕ್ಕಿಲ್ಲ. ಹೊರಗೆ ಕೂತ್ಕೊಳ್ಳುವ.”

“ಒಳಗೇ ಕೂತ್ಕೊಳ್ತೇನೆ ವಾರಿಜಕ್ಕ.”

ಕೂತು, ಹೇಳಿದೆ. ಅಪ್ಪ ಏನೂ ಹೇಳಿರಲಿಲ್ಲ, ಹೇಳಿದ್ದು ನಾನು.

ಅವರು ನನ್ನನ್ನೇ ನೋಡಿದರು. “ಮತ್ತೆ ಮನೆ ಯಾರಿಗೆ ಕೊಟ್ಟಿರಿ?”

“ಆಗ ಯಾರಿಗೂ ಇಲ್ಲ. ಮಳೆಗಾಲ ಮುಗಿಯುವವರೆಗೂ ಖಾಲಿ ಇತ್ತು.”

“ಖಾಲಿಯಾ?” ಆ ಒಂದು ಮಾತನ್ನು ಅವರು ಬಹಳ ಮೆತ್ತಗೆ ಹೇಳಿದರು. “ಎಂತಕ್ಕೆ?”

“ನನಗೆ ಅಲ್ಲಿ ಒಬ್ಬಳೇ ಇರಬೇಕಿತ್ತು.”

ಒಳಗೆ ಕಾವಲಿ ಚಟಪಟ ಎನ್ನುತ್ತಿತ್ತು. “ಮೀನು ಕರಟ್ತದೆ” ಎಂದು ವಾರಿಜಕ್ಕ ಎದ್ದು ಹೋದರು. ಬಹಳ ಹೊತ್ತು ಬರಲಿಲ್ಲ. ಹೊಗೆ ಮೆಲ್ಲಗೆ ಹೊರಕೋಣೆಗೂ ಬಂದು ತುಂಬಿತು. ಕಿಟಕಿ ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅದನ್ನು ತೆರೆಯಲು ನಾನು ಯಾರು? ಉರಿಯುವ ಕಣ್ಣು ಒರೆಸಿಕೊಳ್ಳುತ್ತ, ಅವರು ಹೊರಗೆ ಬರುವುದನ್ನು ಕಾಯುತ್ತ ಕೂತೆ.