ಕಂಡಕ್ಟರು ನುಂಗದ ಮಾತ್ರೆ

ಮೊನ್ನೆ ಮಗಳಿಗೆ ಹೊಟ್ಟೆ ಕೆಟ್ಟು, ಒಣಗಿದ ದಾಳಿಂಬೆ ಸಿಪ್ಪೆ ಕುದಿಯಲು ಇಟ್ಟಿದ್ದೆ. ಆ ಒಗರು ವಾಸನೆ ಅಡುಗೆಮನೆ ತುಂಬುತ್ತಿದ್ದಂತೆ ನಮ್ಮ ಬಸ್ಸಿನ ಕಂಡಕ್ಟರು ನೆನಪಾದರು. ಅವರ ಖಾಕಿ ಜೇಬಿನಲ್ಲಿ ಆ ಸಿಪ್ಪೆಯ ಚೂರುಗಳು ಸದಾ ಇರುತ್ತಿದ್ದವು. ಅಗಿಯುತ್ತಿದ್ದರೆ ಭೇದಿ ನಿಲ್ಲುತ್ತದೆಂದು ಯಾರೋ ಹೇಳಿದ್ದರಂತೆ...

ನಾಗಮಂಗಲದಿಂದ ಬಿಂಡಿಗನವಿಲೆಯ ಶಾಲೆಗೆ ಪಾಠ ಹೇಳಲು ನಾನು ದಿನವೂ ಹೋಗುತ್ತಿದ್ದುದು ಅವರ ಬಸ್ಸಿನಲ್ಲಿ. ನಲವತ್ತು ದಾಟದ ಸಣಕಲು ಮನುಷ್ಯ. ಯಾವ ಮುದುಕಿ ಎಲ್ಲಿ ಇಳಿಯಬೇಕೆಂದು ಕೇಳದೆಯೇ ಅವರಿಗೆ ಗೊತ್ತಿರುತ್ತಿತ್ತು.

ಒಂದು ಬೆಳಿಗ್ಗೆ ಊರೇ ಇಲ್ಲದ ಕಡೆ ಸೀಟಿ ಊದಿ ಬಸ್ಸು ನಿಲ್ಲಿಸಿದರು. ಇಳಿದು ಪೊದೆಗಳ ಹಿಂದಕ್ಕೆ ಓಡಿದರು. "ಏನ್ಲಾ, ರಾತ್ರಿ ಬಾಡೂಟ ಜೋರಾಗಿತ್ತಾ?" ಎಂದು ಹಿಂದಿನ ಸೀಟಿನವನೊಬ್ಬ ಕೂಗಿದ. ಬಸ್ಸೆಲ್ಲ ನಕ್ಕಿತು. ತಿರುಗಿ ಬಂದಾಗ ಅವರ ಮುಖ ಬಿಳುಚಿಕೊಂಡಿತ್ತು. ನನ್ನ ನೀರಿನ ಬಾಟಲಿ ಕೊಟ್ಟೆ.

ಆ ಸಂಜೆ ಬಸ್ಸಿನಲ್ಲಿ ಜನ ಕಡಿಮೆ. ಎದುರು ಸೀಟಿನಲ್ಲಿ ಕುಳಿತು ತಾವಾಗಿಯೇ ಹೇಳಿಕೊಂಡರು. ದೊಡ್ಡ ಕರುಳಿನಲ್ಲಿ ಹುಣ್ಣು, ರಕ್ತ ಹೋಗುತ್ತದೆ, ಬದುಕಿರುವವರೆಗೂ ಮಾತ್ರೆ ಬಿಡಬಾರದೆಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ.

"ತಗೋತಿದ್ದೀರಾ?" ಎಂದೆ.

"ಎಲ್ಲಿ ಮೇಡಂ... ಉಂಡ್ಮೇಲೆ ನುಂಗ್ಬೇಕಂತೆ. ಡ್ಯೂಟೀಲಿ ಉಂಡ್ರೆ ಓಡ್ಬೇಕಾಯ್ತದೆ. ಓಡಕ್ಕೆ ದಾರೀಲಿ ಜಾಗ ಎಲ್ಲೈತೆ? ಅದ್ಕೇ ಉಣ್ಣಾದೇ ಬುಟ್ಬುಟ್ಟೆ."

"ಇದನ್ನೇ ಡಾಕ್ಟರಿಗೆ ಹೇಳಿ."

"ಇದ್ನೆಲ್ಲ ಎಂಗೇಳಾದು? ಮರ್ತೋಯ್ತು ಸಾರ್ ಅಂತೀನಿ. ಬೈತಾರೆ. ಬೈಸ್ಕಂಡು ಬತ್ತೀನಿ." ಜೇಬಿನಿಂದ ಸಿಪ್ಪೆಯ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. "ನೆಟ್ಟಗಿರೋವಾಗ್ಲೂ ನುಂಗು ಅಂತಾರೆ. ನೆಟ್ಟಗಿರೋವಾಗ ನಾನೂ ಎಲ್ರಂಗೇ ಅಲ್ವಾ? ಮಾತ್ರೆ ಕಂಡ್ರೆ ಕಾಯ್ಲೆ ನೆಪ್ಪಾಯ್ತದೆ."

ನಾನೂ ಬುದ್ಧಿ ಹೇಳಿದೆ. ತಲೆಯಾಡಿಸಿದರು. ಎಲ್ಲರ ಬುದ್ಧಿಮಾತಿಗೂ ಹಾಗೆ ತಲೆಯಾಡಿಸಿ ದಣಿದಿದ್ದರು...

ಆಮೇಲೆ ಕೆಲವು ತಿಂಗಳು ಚೆನ್ನಾಗಿಯೇ ಇದ್ದರು. ಪ್ರಯಾಣಿಕರ ಜೊತೆ ತಮಾಷೆಗೂ ಇಳಿಯುತ್ತಿದ್ದರು. ಆಗೊಮ್ಮೆ ಈಗೊಮ್ಮೆ ನುಂಗುತ್ತಿದ್ದ ಮಾತ್ರೆಯನ್ನೂ ಪೂರ್ತಿ ನಿಲ್ಲಿಸಿದ್ದಾರೆಂದು ಡ್ರೈವರು ಹೇಳಿದ. ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಬರುವುದೇ ನಿಂತಿತು. ಮೈಸೂರಿನ ಆಸ್ಪತ್ರೆಯಲ್ಲಿ ಕರುಳು ತೆಗೆದರಂತೆ, ಆಮೇಲೆ ನಂಜೇರಿತಂತೆ... ಸಾವಿನ ಸುದ್ದಿ ನನಗೆ ತಿಳಿದದ್ದೂ ಬಸ್ಸಿನಲ್ಲೇ. ತಿಥಿಗೆ ಹೋಗಿ ಅವರ ಹೆಂಡತಿಯನ್ನು ಮೊದಲ ಸಲ ನೋಡಿದೆ.

ನಿನ್ನೆ ಆಕೆ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಈಗ ಗಾರ್ಮೆಂಟ್ಸಿಗೆ ಹೋಗುತ್ತಾರಂತೆ. ಅದೂ ಇದೂ ಮಾತಾಡಿ, ಇದ್ದಕ್ಕಿದ್ದಂತೆ ಕೇಳಿದರು.

"ದಿನಾ ಡಬ್ಬಿ ಕಟ್ತಿದ್ದೆ ಕಣಕ್ಕ. ಖಾಲಿಯಾಗೇ ಬತ್ತಿತ್ತು. ಉಂಡು ಮಾತ್ರೆ ತಗತಾವ್ರೆ ಅನ್ಕಂಡಿದ್ದೆ. ಅಂಗಿದ್ರೂ ಯಾಕಕ್ಕ ಇಂಗಾಯ್ತು?"

ಆ ಡಬ್ಬಿಯ ಅನ್ನವನ್ನು ಡ್ರೈವರು ಉಣ್ಣುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಆಕೆಯ ಕೈ ಹಿಡಿದುಕೊಂಡು ನಿಂತೆ. ಬಸ್ಸು ಬಂತು. ಇಬ್ಬರಿಗೂ ಹತ್ತುವ ಮನಸ್ಸಾಗಲಿಲ್ಲ.