ನೀರಿಗೆ ಇಳಿಸದ ಹೀಟರ್ ಪೆಟ್ಟಿಗೆ

ಜನವರಿ ೧೮. ಬೆಳಿಗ್ಗೆ ಹತ್ತರವರೆಗೂ ದಟ್ಟ ಮಂಜು. ಆಮೇಲೆ ಬಿಸಿಲು ಕಾಣಿಸಿತು, ಚಳಿ ಮಾತ್ರ ಬಿಡಲಿಲ್ಲ.

ಹಳೆಯ ಕಾರುಗಳ ಬಳಗದಲ್ಲಿ ನನ್ನ ಅಣ್ಣನಿಗೆ ‘ಬೆಳ್ಳಿ’ ಎಂದೇ ಹೆಸರು. ಅವನ ಉಗುರಿನ ಸಂದಿಯಲ್ಲಿ ಬೆಳ್ಳಿಬಣ್ಣ ಕೂತು ಎಷ್ಟೋ ವರ್ಷಗಳಾದವು. ನಾನಿರುವ ಮನೆಯ ಕೆಳಗೇ ಅವನ ಶೆಡ್ಡು. ಗಾಳಿಯಿಂದಲೇ ಇಂಜಿನ್ ತಣಿಯುವ ಹಳೆಯ ಕಾರುಗಳ ಹೀಟರ್ ಪೆಟ್ಟಿಗೆಗಳನ್ನು ಬಿಚ್ಚಿ, ತುಕ್ಕು ತೆಗೆದು, ಶಾಖ ತಡೆಯುವ ಬೆಳ್ಳಿಬಣ್ಣ ಹೊಡೆದು ಕೊಡುವುದು ಅವನ ಕಸುಬು. ಪೆಟ್ಟಿಗೆ ಎಂದರೆ ಇಂಜಿನ್ನಿನ ಹೊಗೆ ಹೋಗುವ ಕೊಳವೆಗೆ ಸುತ್ತಲೂ ಒಂದು ತಗಡಿನ ಕವಚ; ಇಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು. ಕಾದ ಕೊಳವೆಯನ್ನು ಸವರಿಕೊಂಡು ಬಂದ ಗಾಳಿ ಕಾರಿನೊಳಗೆ ಕೂತವರನ್ನು ಬೆಚ್ಚಗಿಡುತ್ತದೆ. ಕೊಳವೆ ತೂತಾದರೆ ವಿಷಾನಿಲವೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಇಂಥ ಪೆಟ್ಟಿಗೆಗಳು ಹೊಸದಾಗಿಯೂ ಸಿಗುತ್ತವೆ. ಅಣ್ಣನಿಗೆ ಅವುಗಳ ಹೆಸರೆತ್ತಿದರೆ ಆಗದು. “ಹೊಸದು ತಂದು ಹಾಕೋಕೆ ಸ್ಪ್ಯಾನರ್ ಹಿಡಿಯೋಕೆ ಬಂದ್ರೆ ಸಾಕು, ನಾನ್ಯಾಕೆ ಬೇಕು?” ಎನ್ನುತ್ತಾನೆ. ಕಾರಿನ ಜೊತೆ ಹುಟ್ಟಿದ್ದು ಕಾರಿನ ಜೊತೆಯೇ ಇರಬೇಕು ಎಂಬುದು ಅವನ ಹಟ.

ಚಳಿ ಶುರುವಾಗುವ ಮೊದಲು ಲೈಬ್ರರಿ ಮೇಡಂ ತಮ್ಮ ಕಾರು ತಂದರು. ಕಾಲೇಜಿನ ಗ್ರಂಥಾಲಯ ನೋಡಿಕೊಂಡು ನಿವೃತ್ತರಾದವರು. ಅವರ ಯಜಮಾನರಿಗೆ ಮೂತ್ರಪಿಂಡದ ತೊಂದರೆ. ಡಯಾಲಿಸಿಸ್‌ಗೆ ಮುಂಜಾನೆಯೇ ಕರೆದೊಯ್ಯಬೇಕು, ಅವರಿಗೆ ಚಳಿ ತಡೆಯಲಾಗದು. ಅಣ್ಣ ವಾಡಿಕೆಯಂತೆ ಪೆಟ್ಟಿಗೆಯ ಕೊಳವೆಗೆ ಬಿರಡೆ ಬಡಿದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದ. ಗುಳ್ಳೆ ಏಳಲಿಲ್ಲ. ಆಮೇಲೆ ಮರಳು ಊದಿ ತುಕ್ಕು ಕಳಚಿದ, ಬಣ್ಣ ಹೊಡೆದ, ಒಲೆಯಲ್ಲಿ ಕಾಯಿಸಿದ. ಬಣ್ಣ ಹೊಡೆಯುವ ಮುನ್ನ ಇನ್ನೊಮ್ಮೆ ಮುಳುಗಿಸಬೇಕಿತ್ತು. ಆದರೆ ಕವಚದೊಳಗೆ ನಿಂತ ನೀರು ಆಮೇಲೆ ಒಸರಿ ಬಣ್ಣಕ್ಕೆ ಕಲೆ ಹಿಡಿಸುತ್ತದೆ. ಹಾಗಾಗಿ ಮುಳುಗಿಸಲಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಮೇಡಂ ವೈಪರ್ ಹಾಕಿಸಲು ಬಂದರು. ನಾನು ಶೆಡ್ಡಿನಲ್ಲೇ ಇದ್ದೆ.

“ಯಜಮಾನ್ರು ಬೆಚ್ಚಗಿದ್ದಾರಾ ಮೇಡಂ?” ಅಣ್ಣ ಕೇಳಿದ.

“ಬೆಚ್ಚಗೇನೋ ಇದ್ದಾರಪ್ಪ. ಇಳಿಯೋ ಹೊತ್ತಿಗೆ ತಲೆ ಸಿಡಿಯುತ್ತೆ ಅಂತಾರೆ. ಇಷ್ಟು ವರ್ಷ ನನ್ನ ಮಾತಿಂದ ತಲೆನೋವು ಅಂತಿದ್ರು, ಈಗ ಡ್ರೈವಿಂಗಿಂದ ಅಂತಾರೆ. ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಬದಲಾಯಿಸಿದ್ದಾರೆ.”

“ನಿಮಗೂ ನೋಯುತ್ತಾ?”

“ಸ್ವಲ್ಪ. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆ.”

ಅಣ್ಣ ಕೈ ಒರೆಸಿಕೊಳ್ಳುತ್ತಲೇ ಇದ್ದ. “ಹೀಟರ್ ಕೇಬಲ್ ಸರಿಯಿಲ್ಲ ಅನ್ಸುತ್ತೆ. ಕಾರು ಇಲ್ಲೇ ಇರಲಿ ಮೇಡಂ,” ಎಂದು ಅವರನ್ನು ಟ್ಯಾಕ್ಸಿ ಹತ್ತಿಸಿದ.

ಅವರು ಹೋದ ಕೂಡಲೇ ಪೆಟ್ಟಿಗೆಗಳನ್ನು ಬಿಚ್ಚಿ ತೊಟ್ಟಿಗಿಳಿಸಿದ. ಎಡಗಡೆಯದರಲ್ಲಿ, ಕವಚದೊಳಕ್ಕೆ ಕೊಳವೆ ಹೋಗುವ ಬೆಸುಗೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

“ತೂತು ಮೊದಲೇ ಇತ್ತು ಕಣೇ. ತುಕ್ಕು ಅದನ್ನ ಮುಚ್ಚಿಕೊಂಡಿತ್ತು. ತುಕ್ಕು ತೆಗೆದವನು ನಾನು.”

“ಬೇಕೂಂತ ಮಾಡಿದ್ಯಾ ಅಣ್ಣ?”

“ಬೇಕೂಂತಲೇ ಎರಡನೇ ಸಲ ನೀರಿಗೆ ಇಳಿಸಲಿಲ್ಲ.”

“ಬೆಸುಗೆ ಹಾಕಿ ಕೊಟ್ಟುಬಿಡು. ಕೇಬಲ್ ಅಂತ ಹೇಳಿಯಾಗಿದೆಯಲ್ಲ,” ಎಂದೆ. ಸಮಾಧಾನ ಮಾಡುವ ಭರದಲ್ಲಿ ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂದಿತು.

ಅಣ್ಣ ನನ್ನನ್ನು ಅಪರಿಚಿತಳಂತೆ ನೋಡಿದ. “ಆಮೇಲೆ? ಅವರು ಆ ಮಾತ್ರೆ ನುಂಗ್ತಾ ಇರಲಾ?”

ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. ಯಜಮಾನರು ಕಂಬಳಿ ಹೊದ್ದು ಕೂತಿದ್ದರು. ಅಣ್ಣ ಕೂರಲಿಲ್ಲ.

“ಕೇಬಲ್ ಅಂದಿದ್ದು ಸುಳ್ಳು ಮೇಡಂ. ಪೆಟ್ಟಿಗೆ ತೂತಾಗಿತ್ತು, ಹೊಗೆ ಒಳಗೆ ಬಂದಿದೆ. ತುಕ್ಕು ತೆಗೆದ ಮೇಲೆ ನಾನು ಮತ್ತೆ ಪರೀಕ್ಷೆ ಮಾಡದೆ ಕೊಟ್ಟೆ. ಡಾಕ್ಟರಿಗೆ ಈಗಲೇ ಹೇಳಿ.”

“ಸದ್ಯ, ನಿನ್ನ ಡ್ರೈವಿಂಗ್ ಮೇಲಿನ ಅಪವಾದ ಹೋಯ್ತು,” ಎಂದು ಯಜಮಾನರು ಹೆಂಡತಿಯ ಕಡೆ ನೋಡಿ ನಕ್ಕರು.

ಮೇಡಂ ನಗಲಿಲ್ಲ. “ಬೆಳಿಗ್ಗೆಯೇ ಗೊತ್ತಾಗಿತ್ತಾ ನಿಂಗೆ?”

“ಅನುಮಾನ ಬಂದಿತ್ತು.”

“ಬಂದಿದ್ದರೆ ನನ್ನನ್ನ ಟ್ಯಾಕ್ಸಿ ಹತ್ತಿಸೋ ಮೊದಲೇ ಹೇಳಬಹುದಿತ್ತು.”

“ಹೇಳಬಹುದಿತ್ತು.”

ಅವರು ಒಳಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದರು. ಮರುದಿನ ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ವೈದ್ಯರು ಹಳೆಯ ಮಾತ್ರೆಯನ್ನೇ ಮತ್ತೆ ಬರೆದುಕೊಟ್ಟರು. ತಲೆನೋವು ಇಳಿದಿದೆ ಎಂದು ಯಜಮಾನರೇ ಫೋನ್ ಮಾಡಿ ತಿಳಿಸಿದರು.

ಹೊಸ ಪೆಟ್ಟಿಗೆ ತರಿಸುತ್ತೇನೆಂದು ಅಣ್ಣನೇ ಹೇಳಿದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಇದೇ ಮೊದಲು. ಈ ವಾರವೆಲ್ಲ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಅವನಿಂದ ಬಣ್ಣ ಹೊಡೆಸಿಕೊಂಡವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ಹೀಟರ್ ಹಾಕಬೇಡಿ, ಒಮ್ಮೆ ಕಾರು ತನ್ನಿ ಎಂದ. ಕೆಲವರು ಬೈದರು. ಬೈದವರೊಡನೆ ಅವನು ಹೆಚ್ಚು ಹೊತ್ತು ಮಾತಾಡಿದ.

ಇಂದು ಮಂಜಿನಲ್ಲೇ ಮೇಡಂ ಕಾರು ಒಯ್ಯಲು ಬಂದರು, ಯಜಮಾನರೂ ಜೊತೆಗಿದ್ದರು. ಅಣ್ಣ ಹೊಸ ಪೆಟ್ಟಿಗೆಗಳನ್ನು ಅವರೆದುರೇ ಮುಳುಗಿಸಿ ತೋರಿಸಿ, ಒರೆಸಿ, ಜೋಡಿಸಿದ. ಹೊರಡುವಾಗ ಮೇಡಂ ಹೀಟರಿನ ಹಿಡಿಯನ್ನು ಮುಟ್ಟಲಿಲ್ಲ. ಗಂಡನ ಕುತ್ತಿಗೆಗೆ ಶಾಲು ಬಿಗಿಯಾಗಿ ಸುತ್ತಿ, ಎರಡೂ ಕಿಟಕಿ ಇಳಿಸಿ ಗಾಡಿ ಬಿಟ್ಟರು. ಅಣ್ಣ ಗೇಟಿನ ಬಳಿ ನಿಂತು ನೋಡಿದ.

ಖರ್ಚು: ಹೊಸ ಪೆಟ್ಟಿಗೆ ಒಂದು ಜೊತೆ, ಗ್ಯಾಸ್ಕೆಟ್, ಬೋಲ್ಟು, ಟ್ಯಾಕ್ಸಿ, ಎರಡು ರಕ್ತಪರೀಕ್ಷೆ. ಎಲ್ಲವೂ ಅಣ್ಣನದು. ಮೊದಲು ಪಡೆದಿದ್ದ ಕೂಲಿಯನ್ನೂ ಲಕೋಟೆಯಲ್ಲಿಟ್ಟು ಹಿಂದಿರುಗಿಸಿದ. ಮೇಡಂ ತೆಗೆದುಕೊಂಡರು.